ನಿದ್ದೆಯ ಪಂಚವಾರ್ಷಿಕ ಯೋಜನೆ

ಕೆಲವರಿಗೆ ಇಸ್ಪೀಟೆಲೆ ಕಂಡರೆ ಕೈ ಕಡಿಯುತ್ತದೆ, ಕೆಲವರಿಗೆ ಪೇಡೆ ಕಂಡರೆ ಬಾಯಲ್ಲಿ ನೀರೂರುತ್ತದೆ. ನನಗೆ ಒಂದು ಬಿಳಿ ಹಾಳೆ, ಒಂದು ಸ್ಕೇಲು, ಎರಡು ಬಣ್ಣದ ಪೆನ್ನು ಕಂಡರೆ ಸಾಕು, ಯೋಜನೆ ಹಾಕುವ ಹುಚ್ಚು ಮೈಮೇಲೆ ಬಂದುಬಿಡುತ್ತದೆ. ಹಾಕಿದ ಯೋಜನೆ ನಡೆಯಬೇಕೆಂಬ ಹಟವೇನೂ ನನಗಿಲ್ಲ. ಹಾಕಿದರೆ ಸಾಕು, ಆ ರಾತ್ರಿ ಊಟ ಎರಡು ತುತ್ತು ಹೆಚ್ಚು ಹೋಗುತ್ತದೆ. ಒಮ್ಮೆ ದೀಪಾವಳಿ ರಜೆಯಲ್ಲಿ ನಮ್ಮ ಅಡುಗೆಮನೆಯ ಡಬ್ಬಿಗಳಿಗೆಲ್ಲ ಗ್ರಂಥಾಲಯದ ಪದ್ಧತಿಯಂತೆ ಸಂಖ್ಯೆ ಬರೆದು ಅಂಟಿಸಿದ್ದೆ. ಉಪ್ಪು ಮತ್ತು ಸಕ್ಕರೆ ಎರಡೂ ಬಿಳಿ, ಎರಡೂ ಹರಳು, ಆದ್ದರಿಂದ ಒಂದೇ ವರ್ಗ. ದಶಾಂಶದ ಆಚೆ ಮಾತ್ರ ವ್ಯತ್ಯಾಸ. ಆ ದಿನ ಬೀಗರು ಬಂದಿದ್ದರು. ಅವರು ಚಹಾದ ಮೊದಲ ಗುಟುಕು ಕುಡಿದು ಮುಖ ಕಿವಿಚಿದ ರೀತಿ ನೋಡಿ ನನ್ನ ಹೆಂಡತಿ ಒಳಗೆ ಬಂದು, "ನೋಡ್ರಿ, ನಿಮ್ಮ ದಶಾಂಶ ಕಾಲೇಜಿನ್ಯಾಗ ಇಟ್ಕೊಳ್ರಿ, ನನ್ನ ಮನ್ಯಾಗ ಬ್ಯಾಡ" ಅಂದಳು. ಅಂದಿನಿಂದ ಕಾಲೇಜಿನಲ್ಲೇ ಇಟ್ಟುಕೊಂಡಿದ್ದೇನೆ.

ಕಾಲೇಜು ಎಂದರೆ ಗೋವಾದ ಬಂದರಿನ ಹತ್ತಿರದ ಒಂದು ಕಾಲೇಜು. ಧಾರವಾಡದಿಂದ ಬಂದು ಅಲ್ಲಿ ಇಪ್ಪತ್ತು ವರ್ಷದಿಂದ ಗ್ರಂಥಪಾಲಕನಾಗಿದ್ದೇನೆ. ನನ್ನ ಆಸ್ತಿಯೆಂದರೆ ಮೊದಲ ಮಹಡಿಯ ಓದುವ ಹಾಲ್. ಆರು ದೊಡ್ಡ ಕಿಟಕಿ, ಸಮುದ್ರದ ಗಾಳಿ, ದೂರದಲ್ಲಿ ನಿಂತ ಹಡಗು. ಆ ಹಾಲ್ ಎಂದರೆ ನನಗೆ ಪ್ರಾಣ. ಹೀಗಿರುವಾಗ ಒಂದು ದಿನ ಪ್ರಿನ್ಸಿಪಾಲ್ ಮೇಡಂ ನನ್ನನ್ನೂ ಕಂಪ್ಯೂಟರ್ ವಿಭಾಗದ ಆಗ್ನೆಲ್ ಸರ್ ಅವರನ್ನೂ ಕರೆದು, "ಗ್ರಂಥಾಲಯ ಮತ್ತು ತಂತ್ರಜ್ಞಾನ ಸೇವೆಗಳಿಗೆ ಮುಂದಿನ ಐದು ವರ್ಷದ ಯೋಜನೆ ಬೇಕು, ಇಬ್ಬರೂ ಕೂಡಿ ಮಾಡಿ" ಅಂದರು. ಐದು ವರ್ಷ! ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಮನೆಗೆ ಹೋಗುವ ದಾರಿಯಲ್ಲೇ ನಾಲ್ಕು ಬಣ್ಣದ ಪೆನ್ನು ಕೊಂಡೆ. "ಮತ್ಯಾವ ಡಬ್ಬಿ ಗ್ರಹಚಾರ ಕೆಟ್ಟೈತ್ರಿ?" ಎಂದು ಹೆಂಡತಿ ಕೇಳಿದಳು.

ಕೆಟ್ಟಿದ್ದು ನನ್ನದೇ ಗ್ರಹಚಾರ. ನಾನು ನಲವತ್ತು ಪುಟದ ಯೋಜನೆ ಬರೆದು, ಬಣ್ಣ ಬಳಿದು, ಅಂಚಿಗೆ ಗೀಟೆಳೆದು ತಂದರೆ ಆಗ್ನೆಲ್ ಸರ್ ತಂದದ್ದು ಒಂದೇ ಹಾಳೆ. ಅದರಲ್ಲಿ ಒಂದೇ ಮಾತು: ಮೇಲಿನ ಓದುವ ಹಾಲಿನಲ್ಲಿ ಕಂಪ್ಯೂಟರ್ ಕೂರಿಸುವುದು, ಪುಸ್ತಕಗಳನ್ನು ಕೆಳಗೆ ಕ್ಯಾಂಟೀನಿನ ಪಕ್ಕದ ಕೋಣೆಗೆ ಇಳಿಸುವುದು. ಆ ಕೋಣೆಯಲ್ಲಿ ಸದ್ಯಕ್ಕೆ ಕಾಲು ಮುರಿದ ಬೆಂಚುಗಳಿವೆ. ಗೋಡೆಯ ಆಚೆ ಮಿಕ್ಸರ್ ಗುರ್ರೆನ್ನುತ್ತದೆ, ಸಮೋಸ ಚುರ್ರೆನ್ನುತ್ತದೆ, ಪಾವ್ ಭಾಜಿಗೆ ಹುಡುಗರು ಕೂಗುತ್ತಾರೆ. ಅಲ್ಲಿ ಓದುವುದಿರಲಿ, ತನ್ನ ಹೆಸರು ತನಗೇ ಕೇಳಿಸುವುದಿಲ್ಲ. ಆಗ್ನೆಲ್ ಸರ್ ಕೆಟ್ಟವರಲ್ಲ. ನಗುಮುಖದ ಮನುಷ್ಯ, ಕ್ರಿಸ್‌ಮಸ್ ಬಂದರೆ ತಪ್ಪದೆ ನನಗೆ ಬೆಬಿಂಕಾ ಎಂಬ ಪದರು ಪದರಿನ ಸಿಹಿ ತಂದುಕೊಡುತ್ತಾರೆ. ಆದರೆ ಆ ಒಂದು ಹಾಳೆ ಓದಿದಾಗ ಇಪ್ಪತ್ತು ವರ್ಷ ತಿಂದ ಬೆಬಿಂಕಾ ಒಮ್ಮೆಗೇ ಕಹಿಯಾಯಿತು.

ಮೇಡಂ ಇಬ್ಬರ ಮುಖವನ್ನೂ ನೋಡಿ ತೀರ್ಪು ಕೊಟ್ಟರು. "ಹಾಲನ್ನು ಓದಲು ಬಳಸುತ್ತಾರೋ ಇಲ್ಲವೋ ನನಗೆ ಲೆಕ್ಕ ತೋರಿಸಿ. ಬಳಸುತ್ತಿದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಕೆಳಗೆ." ನನಗೆ ಸ್ವರ್ಗಕ್ಕೆ ಮೂರೇ ಗೇಣು! ಲೆಕ್ಕ ನನ್ನ ಬಾಗಿಲಲ್ಲೇ ದಾರ ಕಟ್ಟಿಕೊಂಡು ಬಿದ್ದಿತ್ತಲ್ಲ. ಹಾಲಿಗೆ ಬರುವ ಪ್ರತಿಯೊಬ್ಬರೂ ರಿಜಿಸ್ಟರಿನಲ್ಲಿ ಹೆಸರು, ವಿಭಾಗ, ಬಂದ ಹೊತ್ತು, ಬಂದ ಕಾರಣ ಬರೆದು ಸಹಿ ಹಾಕಬೇಕು. ಬೆಳಿಗ್ಗೆ ತರಗತಿ ಇರುವುದರಿಂದ ಮಂದಿ ಕಡಿಮೆ, ಮಧ್ಯಾಹ್ನ ಊಟವಾದ ಮೇಲೆ ಜಾತ್ರೆ. ಆ ಜಾತ್ರೆಗಾಗಿಯೇ ನಾನು ದಿನಾ ಮಧ್ಯಾಹ್ನ ಹೊಸ ಪುಟ ತೆರೆದಿಡುತ್ತೇನೆ, ಸಂಜೆ ಕೆಂಪು ಗೀಟು ಎಳೆದು 'ಪರಿಶೀಲಿಸಿದೆ' ಎಂದು ಸಹಿ ಹಾಕುತ್ತೇನೆ. "ಕೊಡಿ, ನಮ್ಮ ಆಪರೇಟರ್ ಅದನ್ನು ಕಂಪ್ಯೂಟರಿಗೆ ಏರಿಸುತ್ತಾಳೆ, ಚಿತ್ರ ಬರುತ್ತದೆ" ಎಂದು ಆಗ್ನೆಲ್ ಸರ್ ಕೇಳಿದಾಗ ನಾನು ರಿಜಿಸ್ಟರನ್ನು ಎರಡೂ ಕೈಯಿಂದ, ತವರಿಂದ ಮಗಳನ್ನು ಕಳಿಸುವ ಹಾಗೆ ಕೊಟ್ಟೆ. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ. ಹೊಸ ಶರ್ಟು ಹೊಲಿಸಿದೆ. ಗೆದ್ದ ಮೇಲೆ ಆಡಬೇಕಾದ ಭಾಷಣವನ್ನೂ ಬಚ್ಚಲಲ್ಲಿ ರೂಢಿ ಮಾಡಿಕೊಂಡೆ. ಭಾಷಣದಲ್ಲಿ ಆಗ್ನೆಲ್ ಸರ್ ಅವರನ್ನು ಕ್ಷಮಿಸುವ ಭಾಗವೂ ಇತ್ತು.

ಸೋಮವಾರ ಹನ್ನೆರಡಕ್ಕೆ ಮೀಟಿಂಗು. ಪ್ರೊಜೆಕ್ಟರ್ ಕಣ್ಣು ಬಿಡುವಷ್ಟರಲ್ಲಿ ಒಂದೂವರೆ ಆಗಿತ್ತು. ಪರದೆಯ ಮೇಲೆ ರೊಟ್ಟಿಯಷ್ಟು ದುಂಡಗಿನ ಚಿತ್ರ ಬಂತು, ಮೇಲೆ 'ಹಾಲಿಗೆ ಬರುವ ಕಾರಣ' ಎಂಬ ತಲೆಬರಹ. ರೊಟ್ಟಿ ಪೂರ್ತಿ ನೀಲಿ. ಅಂಚಿನಲ್ಲಿ ಚೂರೇ ಚೂರು ಹಳದಿ. ಹಳದಿ ಎಂದರೆ ಓದು. ನೀಲಿ ಎಂದರೆ ನಿದ್ದೆ.

ನಾನು ಕನ್ನಡಕ ಒರೆಸಿ ಮತ್ತೆ ನೋಡಿದೆ. ನಿದ್ದೆಯೇ. ಅಷ್ಟರಲ್ಲಿ ಎರಡನೆಯ ಚಿತ್ರ ಬಂತು: ಬಂದವರು ಯಾವ ವಿಭಾಗದವರು? ಅಲ್ಲಿಯೂ ಚೂರು ಅಂಚು ಬಿಟ್ಟರೆ ರೊಟ್ಟಿ ಪೂರ್ತಿ ಒಂದೇ ಬಣ್ಣ. ಬಂದವರೆಲ್ಲರೂ ಇತಿಹಾಸ ವಿಭಾಗದ ಪ್ರಾಧ್ಯಾಪಕರು! ಮೇಡಂ ನಿಧಾನಕ್ಕೆ ನನ್ನ ಕಡೆ ತಿರುಗಿ, "ನಮ್ಮಲ್ಲಿ ಇತಿಹಾಸದ ಪ್ರಾಧ್ಯಾಪಕರು ಒಬ್ಬರೇ ಅಲ್ಲವೇ?" ಎಂದು ಕೇಳಿದರು. ಒಬ್ಬರೇ. ಗಾಂವ್ಕರ್ ಸರ್. ನಿವೃತ್ತಿಯ ಅಂಚಿನಲ್ಲಿರುವ ಸಾತ್ವಿಕ ಮನುಷ್ಯ. ಗೋವಾದಲ್ಲಿ ಮಧ್ಯಾಹ್ನದ ನಿದ್ದೆ ಎಂದರೆ ಸೋಮಾರಿತನವಲ್ಲ, ಸಂಪ್ರದಾಯ. ಅಂಗಡಿಯವರು ಸಹ ಒಂದಕ್ಕೆ ಬಾಗಿಲು ಎಳೆದು ಮಲಗಿದರೆ ನಾಲ್ಕರ ತನಕ ಲೋಕ ಮುಳುಗಿದರೂ ಏಳುವುದಿಲ್ಲ. ಗಾಂವ್ಕರ್ ಸರ್ ಕೂಡ ಊಟ ಮುಗಿಸಿ ಎಲ್ಲರಿಗಿಂತ ಮೊದಲು ಹಾಲಿಗೆ ಬಂದು, ಕಿಟಕಿ ಪಕ್ಕದ ಆರಾಮ ಕುರ್ಚಿಯಲ್ಲಿ ಒಂದು ತಾಸು ಮಲಗುವವರು. ಬೇರೆ ಯಾರಾದರೂ ಆಗಿದ್ದರೆ ಕಾರಣದ ಕಾಲಮ್ಮಿನಲ್ಲಿ 'ಸಂಶೋಧನೆ' ಎಂದು ಬರೆಯುತ್ತಿದ್ದರು. ಇವರು ಜೀವನದಲ್ಲಿ ಸುಳ್ಳು ಬರೆದವರಲ್ಲ. ಪುಟದ ತಲೆಯಲ್ಲಿ ವಿಭಾಗಕ್ಕೆ 'ಇತಿಹಾಸ, ಪ್ರಾಧ್ಯಾಪಕ', ಕಾರಣಕ್ಕೆ ದುಂಡಗೆ 'ನಿದ್ದೆ' ಎಂದು ಬರೆದು ಹೋಗಿ ಮಲಗುತ್ತಿದ್ದರು. ಅವರ ಬೆನ್ನಿಗೆ ಬಂದ ಹುಡುಗ ಹುಡುಗಿಯರು ತಮ್ಮ ಹೆಸರು ಗೀಚಿ, ಉಳಿದ ಕಾಲಮ್ಮುಗಳಲ್ಲಿ ಜಗತ್ತಿನ ಎಲ್ಲ ರಿಜಿಸ್ಟರಿನಲ್ಲೂ ಎಲ್ಲರೂ ಮಾಡುವುದನ್ನೇ ಮಾಡಿದ್ದರು. ಮೇಲಿನಂತೆಯೇ ಎಂದು ತಿಳಿಸುವ ಎರಡೆರಡು ಪುಟ್ಟ ಗೀಟು, ಡಿಟ್ಟೋ. ಡಿಟ್ಟೋ, ಡಿಟ್ಟೋ, ಡಿಟ್ಟೋ, ಪುಟದ ಬುಡದ ತನಕ ಡಿಟ್ಟೋ. ಆಪರೇಟರ್ ಪಾಪ, ಶ್ರದ್ಧೆಯ ಹುಡುಗಿ, ಒಂದೊಂದು ಡಿಟ್ಟೋವನ್ನೂ ಬಿಡಿಸಿ ಪೂರ್ತಿ ಬರೆದಿದ್ದಳು.

"ನೀವು ಇದನ್ನು ನೋಡಿರಲಿಲ್ಲವೇ?" ಎಂದರು ಮೇಡಂ. ಆಗ್ನೆಲ್ ಸರ್ ರಿಜಿಸ್ಟರಿನ ಒಂದು ಪುಟದ ಫೋಟೋ ಪರದೆಗೆ ಹಾಕಿದರು. ತಲೆಯಲ್ಲಿ ನಿದ್ದೆ, ಬುಡದಲ್ಲಿ ಕೆಂಪು ಗೀಟು, ಗೀಟಿನ ಕೆಳಗೆ 'ಪರಿಶೀಲಿಸಿದೆ', ಅದರ ಕೆಳಗೆ ನನ್ನ ಸಹಿ, ಆನೆಯಷ್ಟು ದೊಡ್ಡದಾಗಿ. ನಾನು ಇಪ್ಪತ್ತು ವರ್ಷದಲ್ಲಿ ಗೀಟು ಸೊಟ್ಟಾಗದಂತೆ ನೋಡಿದ್ದೇನೆಯೇ ಹೊರತು ಗೀಟಿನ ಮೇಲೆ ಏನಿದೆ ಎಂದು ಒಂದು ದಿನವೂ ನೋಡಿದವನಲ್ಲ. ಹೊಸ ಶರ್ಟು ಬೆವರಿಗೆ ಬೆನ್ನಿಗಂಟಿತು. ಹಾಲ್ ಹೋಯಿತು, ನನ್ನ ಕೈಯಿಂದಲೇ ಹೋಯಿತು ಎಂದು ಅಳು ಬರುವುದೊಂದು ಬಾಕಿ.

ಆಗ ಚಹಾದ ತಟ್ಟೆ ಹಿಡಿದು ಶಾಂತವ್ವ ಒಳಗೆ ಬಂದಳು. ಶಾಂತವ್ವ ನಮ್ಮ ಗ್ರಂಥಾಲಯದ ಅಟೆಂಡರ್, ಬಿಜಾಪುರ ಕಡೆಯವಳು, ಬಂದರಿನ ಪಕ್ಕದ ಸಡಾ ಎಂಬ ಗುಡ್ಡದ ಮೇಲೆ ಒಂದು ಕೋಣೆಯ ಮನೆ. ಗಂಡ ಬಂದರಿನಲ್ಲಿ ರಾತ್ರಿ ಪಾಳಿ, ಮಗಳು ರೇಣುಕಾ ನಮ್ಮಲ್ಲೇ ಬಿಕಾಂ. ಪರದೆ ನೋಡಿ, ನನ್ನ ಮುಖ ನೋಡಿ, ವಿಷಯವೇನೆಂದು ನನ್ನನ್ನೇ ಕೇಳಿ ತಿಳಿದುಕೊಂಡವಳು ತಟ್ಟೆಯನ್ನು ಟೇಬಲ್ಲಿನ ಮೇಲೆ ಕುಕ್ಕಿದಳು. "ಯಾರ ಸರ್ರ ಹಂಗಂದವ್ರು? ಗಾಂವ್ಕರ್ ಸರ್ ಒಬ್ರು ಮಲಗ್ತಾರ, ಖರೇ. ಉಳಿದ ಹುಡುಗೂರು ಓದಾಕ ಬರ್ತಾವು! ನಮ್ಮ ರೇಣುಕಾ ಮನ್ಯಾಗ ಓದಾಕ ಎಲ್ಲೈತಿ ಜಾಗಾ? ಅವರಪ್ಪ ಹಗಲೊತ್ತು ಮಲಗಿರ್ತಾನ, ಹಾಳಿ ತಿರುವಿದ್ರ ಸೈತ ಎಚ್ಚರಾಗಿ ಬೈತಾನ. ಈ ಹಾಲ್ ಮುಚ್ಚಿದ್ರ ನನ್ನ ಮಗಳು ಬಸ್‌ಸ್ಟ್ಯಾಂಡಿನ್ಯಾಗ ಕುಂತು ಓದಬೇಕೇನ್ರಿ? ಅವ್ರಿಗೆ ಹೇಳ್ರಿ ಸರ್ರ, ಇಲ್ಲಿ ರೊಟ್ಟಿ ಚಿತ್ರಾ ನೋಡೋದು ಬಿಟ್ಟು ಮ್ಯಾಲ ಬಂದು ಕಣ್ಣಾರೆ ನೋಡ್ರಿ ಅಂತ." ಮೇಡಂ ಅವರಿಗೆ ಕನ್ನಡ ಬಾರದು, ಅವಳ ಮಾತನ್ನು ನಾನು ತೊದಲುತ್ತ ಕೊಂಕಣಿಯಲ್ಲಿ ಹೇಳಿದೆ. ಬಸ್‌ಸ್ಟ್ಯಾಂಡಿನ ಮಾತನ್ನು ಎರಡು ಸಲ ಹೇಳಿದೆ. ಮೇಡಂ ಚಹಾ ಮುಟ್ಟದೆ ಎದ್ದರು. "ನಡೆಯಿರಿ, ನೋಡೋಣ."

ಹಾಲಿನ ಬಾಗಿಲಲ್ಲಿ ನಾವು ನಾಲ್ವರೂ ನಿಂತೆವು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಗಾಂವ್ಕರ್ ಸರ್, ಮುಖದ ಮೇಲೆ ಪೇಪರು, ಸಣ್ಣ ತಾಳಬದ್ಧ ಗೊರಕೆ. ಸುತ್ತ ಒಂದು ಬೆಂಚೂ ಖಾಲಿಯಿಲ್ಲ. ಎಲ್ಲರ ತಲೆ ಪುಸ್ತಕದಲ್ಲಿ. ಪಿಟ್ಟೆನ್ನುವ ಸದ್ದಿಲ್ಲ. ಇಪ್ಪತ್ತು ವರ್ಷದಿಂದ ಗೋಡೆಗೆ 'ಸದ್ದು ಮಾಡಬೇಡಿ' ಎಂದು ನಾಲ್ಕು ಭಾಷೆಯಲ್ಲಿ ಬರೆಸಿ ಹಾಕಿದ್ದೇನೆ, ಬೆಳಗಿನ ಹೊತ್ತು ಯಾವ ಭಾಷೆಯವರೂ ಅದಕ್ಕೆ ಕಿಮ್ಮತ್ತು ಕೊಡುವುದಿಲ್ಲ. ಮಧ್ಯಾಹ್ನ ಮಾತ್ರ ಇಷ್ಟು ಶಾಂತಿ ಹೇಗೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಬೋರ್ಡಿನ ಮಹಿಮೆ ಅಂದುಕೊಂಡಿದ್ದೆ. ಮೇಡಂ ಒಂದು ಹೆಜ್ಜೆ ಒಳಗಿಟ್ಟು, "ಮಕ್ಕಳೇ..." ಎಂದು ಬಾಯಿ ತೆರೆದರು. ಮೊದಲ ಬೆಂಚಿನಿಂದ ಒಬ್ಬ ಹುಡುಗಿ ತಲೆಯನ್ನೂ ಎತ್ತದೆ ತುಟಿಯ ಮೇಲೆ ಬೆರಳಿಟ್ಟು, "ಶ್! ಸರ್ ಮಲಗ್ಯಾರ!" ಅಂದಳು. ರೇಣುಕಾ! ಪ್ರಿನ್ಸಿಪಾಲರನ್ನೇ ಗದರಿದ್ದು! ಶಾಂತವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮೇಡಂ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದರು. ಆಗ್ನೆಲ್ ಸರ್ ಎಷ್ಟೆಂದರೂ ಗೋವೆಯವರು, ಮಲಗಿದವರನ್ನು ಎಬ್ಬಿಸುವ ಪಾಪ ಅವರ ಏಳು ತಲೆಮಾರಿನಲ್ಲಿ ಯಾರೂ ಮಾಡಿರಲಾರರು. ಬೂಟು ಕಳಚಿ ಕೈಯಲ್ಲಿ ಹಿಡಿದು, ನನ್ನ ಕಿವಿಯಲ್ಲಿ "ಓಗಿ ರಾವ್, ಓಗಿ ರಾವ್" ಎಂದು ಕೊಂಕಣಿಯಲ್ಲಿ, ನಾನು ಉಸಿರಾಡಿದ್ದಕ್ಕೇ ಸುಮ್ಮನಿರಿಸಿ, ತುದಿಗಾಲಲ್ಲಿ ಹಿಂದೆ ಸರಿದರು.

ಐದು ವರ್ಷದ ಯೋಜನೆ ಮೆಟ್ಟಿಲ ಮೇಲೆ, ಪಿಸುಮಾತಿನಲ್ಲಿ, ಐದು ನಿಮಿಷದಲ್ಲಿ ಮುಗಿಯಿತು. ಹಾಲ್ ಇದ್ದಲ್ಲೇ ಇರಲಿ. ಕಂಪ್ಯೂಟರ್ ಕೆಳಗಿನ ಕೋಣೆಗೆ. ಅವಕ್ಕೆ ಮಿಕ್ಸರಿನ ಸದ್ದು ಬಾಧಿಸುವುದಿಲ್ಲ. "ಸಮೋಸನೂ ಹತ್ತಿರ" ಎಂದು ಆಗ್ನೆಲ್ ಸರ್ ಖುಷಿಯಾಗಿ ಒಪ್ಪಿದರು. ನನ್ನ ನಲವತ್ತು ಪುಟವನ್ನು ಯಾರೂ ಕೇಳಲಿಲ್ಲ. ಕೇಳಲಿ ಬಿಡಲಿ, ನಾನು ಕುಣಿಯುವುದೊಂದು ಬಾಕಿ. ಶಾಂತವ್ವನ ಕೈ ಹಿಡಿದು "ಉಳಿಸಿದಿ ತಾಯಿ" ಅಂದೆ. ಅವಳು, "ನಾ ಏನ್ ಉಳಿಸಿದೆ? ಗಾಂವ್ಕರ್ ಸರ್ ಗೊರಕಿ ಉಳಿಸ್ತು" ಅಂದಳು. ಮನೆಯಲ್ಲಿ ಅವತ್ತು ಹೆಂಡತಿ ಹೋಳಿಗೆ ಮಾಡಿದಳು. ಬೇಡವೆಂದರೂ ಆರು ತಿಂದೆ.

ಆದರೆ ಮಾರ್ಚಿನಲ್ಲಿ ಗಾಂವ್ಕರ್ ಸರ್ ನಿವೃತ್ತರಾದರು. ಮರುದಿನ ಮಧ್ಯಾಹ್ನ ಖಾಲಿ ಕುರ್ಚಿಯ ಸುತ್ತ ಹುಡುಗರ ಗುಸುಗುಸು ಶುರುವಾಯಿತು, ಮೂರನೆಯ ದಿನ ಅದು ಸಂತೆಯಾಯಿತು. ಗದ್ದಲ ಮೇಡಂ ಅವರ ಕೋಣೆಗೆ ಕೇಳಿಸಿತು. ಅವರು ನನ್ನನ್ನು ಕರೆಸಿ, ನಗದೆ, ಪೂರ್ತಿ ಆಡಳಿತದ ಧ್ವನಿಯಲ್ಲಿ, "ಎರಡರಿಂದ ಮೂರರವರೆಗೆ ನೀವು ಮಲಗಿ" ಅಂದರು. ಧಾರವಾಡದ ಮಂದಿಗೆ ಮಧ್ಯಾಹ್ನ ಮಲಗಲು ಆದೇಶ ಬೇಕೇ? ಮನೆಯಲ್ಲಿ ರವಿವಾರ ನಾನು ಮಲಗಿದರೆ ಊರೇ ಎದ್ದರೂ ಏಳುವವನಲ್ಲ. ಆದರೆ ಈ ಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಸಾಕು, ನಿದ್ದೆಯ ಬದಲು ಯೋಜನೆ ಬರುತ್ತದೆ. ನಿನ್ನೆಯೂ ಹಾಗೇ ಆಯಿತು. ಪೇಪರಿನ ಅಡಿಯಲ್ಲಿ ನಾನು ಮುಂದಿನ ವರ್ಷದ ಕಪಾಟುಗಳನ್ನು ಜೋಡಿಸುತ್ತಿರುವಾಗ ಸುತ್ತ ಗುಸುಗುಸು ಏರತೊಡಗಿತು. ಯಾರೋ ಹತ್ತಿರ ಬಂದು ಬಾಗಿದರು. ಶಾಂತವ್ವ.

"ಸರ್ರ, ನೀವು ಎಚ್ಚರ ಇದ್ದೀರಿ ಅಂತ ಹುಡುಗೂರಿಗೆ ಗೊತ್ತಾಗೇತ್ರಿ. ಮುಂದಿನ ವಾರ ರೇಣುಕಾನ ಪರೀಕ್ಷಾ ಐತಿ, ಓದಾಕತ್ತಾಳ ಪಾಪ. ಕೈ ಮುಗೀತೀನಿ, ಒಂದೀಟು ಗೊರಕಿ ಹೊಡೀರಿ."

ಹೊಡೆದೆ. ಮೊದಲನೆಯದು ಕೆಮ್ಮಿನ ಹಾಗಿತ್ತು, ಎರಡನೆಯದು ಪರವಾಗಿಲ್ಲ, ಮೂರನೆಯದಕ್ಕೆ ಹಾಲ್ ಪೂರ್ತಿ ಗಪ್ಪಾಗಿ ಹಾಳೆ ತಿರುವುವ ಸದ್ದು ಕೇಳಿಸಿತು. ಇಪ್ಪತ್ತು ವರ್ಷದ ಸೇವೆಯಲ್ಲಿ ಓದುವ ಮಕ್ಕಳಿಗೆ ನನ್ನಿಂದ ನೇರವಾಗಿ ಆದ ಉಪಕಾರ ಇದೊಂದೇ, ಅದೂ ಖರೇ ಗೊರಕೆಯಲ್ಲ.