ಬೇವಿನ ಮರದ ಹಾಜರಿ

ಎಲ್ಲ ಆದದ್ದು ಸಡಿಲಾದ ಒಂದು ನಟ್ಟಿನಿಂದ.

ಡಫಳಾಪುರದ ಹೊರಗಿನ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಅಮೋಗಸಿದ್ದ ಮಷೀನು ನೋಡಿಕೊಳ್ಳುತ್ತಿದ್ದ. ಅಮೋನಿಯಾ ಕಂಪ್ರೆಸರು ಹಗಲಿಡೀ ಬಾಯಿ ಬಡಿದುಕೊಳ್ಳುವ ಆ ಕೋಣೆಗೆ ಮಾತಿಗೆಂದು ಯಾರೂ ಬರುತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಅವನು ಬೇಕಾದಾಗ ಹೊರಗಿನಿಂದ ಕೋಣೆಯ ದೀಪ ಆರಿಸಿ ಹಚ್ಚುತ್ತಿದ್ದರು.

ಅವನ ಆಸೆಯೆಲ್ಲ ಗೋಡೆಯ ಸೂಚನಾ ಹಲಗೆಯ ಮೇಲಿತ್ತು: ಗ್ಯಾಸು ಸೋರಿದರೆ ಭೋಂಗಾ, ಅಂದರೆ ಸೈರನ್, ಒತ್ತಬೇಕು, ಎಲ್ಲರೂ ಗಾಳಿ ಬೀಸಿ ಬರುವ ಕಡೆಯ ಬೇವಿನಡಿ ಸೇರಬೇಕು, ಹೆಸರು ಕೂಗಿ ಹಾಜರಿ ಹಿಡಿಯಬೇಕು. ಶರಣರು ಶಿವನಾಮಕ್ಕೆ ಹಂಬಲಿಸಿದಂತೆ ಅವನು ತನ್ನ ನಾಮಕ್ಕೆ ಹಂಬಲಿಸಿದ್ದ.

ಅಂದು ಮೂಗಿಗೆ ಸೂಜಿ ಚುಚ್ಚಿದಂಥ ವಾಸನೆ ಬಂತು. ಮುಖವಾಡ ತೊಟ್ಟು, ಭೋಂಗಾ ಒತ್ತಿ, ವಾಲ್ವು ಮುಚ್ಚಿ, ನಟ್ಟು ಬಿಗಿದು ಬೇವಿನಡಿಗೆ ಓಡಿದ.

ಸುಪರ್‌ವೈಸರ್ ಶಿವಶರಣರು ಆಗಲೇ ಬೆರಳೆಣಿಸಿ ಮುಗಿಸಿದ್ದರು. "ಹನ್ನೊಂದು. ಪಟ್ಟಿಗೆ ಬರೋಬ್ಬರಿ. ಒಳಗ ಯಾರೂ ಉಳದಿಲ್ಲ."

"ಮತ್ತ ಇವರ‍್ಯಾರ್ರಿ?" ಎಂದಳು ಆಫೀಸಿನ ಸೋನಾಲಿ.

ಅಮೋಗಸಿದ್ದ ಮುಖವಾಡ ತೆಗೆದ. "ನಾನ್ರಿ. ಮಷೀನಿನಾಂವ."

"ಹಂಗಾದ್ರ ಒಂದು ಹೆಚ್ಚಾತಲ್ಲೋ," ಎಂದು ಶಿವಶರಣರು ಅವನನ್ನೇ ಸಂಶಯದಿಂದ ನೋಡಿದರು.

ಹೆಚ್ಚಾದವನು ಕುರಿ ಕಾಯುವ ತಾನಾಜಿ. ನೆರಳಿಗೆ ಕುಳಿತವನನ್ನೂ ಕೂಡಿಸಿ ಎಣಿಸಿದ್ದರು.

"ನಾವು ಕುರಿ ಎಣಸೂದಿಲ್ರಿ ಸಾಹೇಬ್ರ, ಒಂದೊಂದರ ಮಾರಿ ನೋಡಿ ಗುರ್ತ ಹಿಡೀತೀವಿ," ಎಂದ ತಾನಾಜಿ. "ಎಣಸಿದ್ರ ಬ್ಯಾರೆ ಮಂದಿ ಕುರೀನೂ ಲೆಕ್ಕಕ್ಕ ಬರ್ತಾವು."

ಶಿವಶರಣರ ಮುಖ ಒಣದ್ರಾಕ್ಷಿಯಾಯಿತು. "ನಾಕಕ್ಕ ಇನ್ನೊಮ್ಮೆ ಭೋಂಗಾ ಹೊಡದು ಕವಾಯತು ಮಾಡೂಣು. ಹೆಸರು ಕೂಗ್ತೀನಿ. ಮೊದಲ ಹೆಸರು ನಿಂದ, ಆತಿಲ್ಲೋ?"

ಅಮೋಗಸಿದ್ದ ಊಟ ಬಿಟ್ಟು ತಲೆ ಬಾಚಿಕೊಂಡ. ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಂಡ. ಕಂಪ್ರೆಸರಿನ ಮುಂದೆ ನಿಂತು "ಹಾಜರ್ರಿ" ಎಂದು ಹತ್ತು ಸಲ ಹೇಳಿ ನೋಡಿದ.

ನಾಲ್ಕಕ್ಕೆ ಭೋಂಗಾ ಕೂಗಿತು. ಎಲ್ಲರೂ ಓಡಿಬಂದರು.

"ಅಮೋಗಸಿದ್ದ," ಶಿವಶರಣರು ಮನಸಾರೆ ಕೂಗಿದರು. ಸುತ್ತಲೂ ಹುಡುಕಿ ನೋಡಿದರು. ಇನ್ನೊಮ್ಮೆ ಕೂಗಿದರು.

"ಭೋಂಗಾ ಒತ್ತಾಂವ ಅವನ ಅಲ್ರಿ?" ಎಂದ ಇನ್ನೂ ನೆರಳಲ್ಲೇ ಇದ್ದ ತಾನಾಜಿ. "ಒಳಗ ವಾಲ್ವ್ ತಿರುವಾಕತ್ತಿರ್ಬೇಕು. ಆ ಗದ್ದಲದಾಗ ಏನ್ ಕೇಳ್ತೈತ್ರಿ?"

"ಹಂಗಾದ್ರ ಅವನ ಪಾಳಿ ಹಾಜರಿ ನೀನ ಹೇಳಿಬಿಡೊ ಮಾರಾಯಾ," ಎಂದರು ಶಿವಶರಣರು.

"ಹಾಜರ್ರಿ," ಎಂದ ತಾನಾಜಿ.

ಕೆಲಸ ಮುಗಿಸಿ ಅಮೋಗಸಿದ್ದ ಬೇವಿನಡಿ ಓಡಿಬಂದಾಗ ಎಲ್ಲರೂ ಚಹಾಕ್ಕೆ ಹೋಗಿದ್ದರು, ತಾನಾಜಿಯನ್ನೂ ಕರೆದುಕೊಂಡು. ಕುರಿಗಳು ಮಾತ್ರ ಉಳಿದಿದ್ದವು. ಅವು ಒಂದೊಂದಾಗಿ ತಲೆಯೆತ್ತಿ ಅವನ ಮಾರಿ ನೋಡಿದವು.