ದುಂಡಗಿನ ಅಡಿಗಲ್ಲು

ಸಂಘಗಳ ಹೆಸರುಗಳನ್ನು ಯಾವ ಕ್ರಮದಲ್ಲಿ ಕೆತ್ತಬೇಕೆಂದು ತಮ್ಮಣ್ಣ ಬೆಳಿಗ್ಗೆ ಫೋನು ಮಾಡಿ ಕೇಳಿದ್ದೇ ತಪ್ಪಾಯಿತು. ಕೇಳದೆ ತೋಚಿದಂತೆ ಕೆತ್ತಿದ್ದರೆ ಬೈಗುಳ ತಿಂದು ಸುಮ್ಮನಿರಬಹುದಿತ್ತು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಊರಿನ ಸಂಘಗಳು ಒಂದಾಗಿ ಸಣ್ಣ ಉದ್ಯಮಿಗಳಿಗೆ ನೆರವಾಗಲು ವಾಡಿಯಲ್ಲೊಂದು ಭವನ ಕಟ್ಟಲು ಹೊರಟಿದ್ದವು. ಸಂಜೆ ಅಡಿಗಲ್ಲು ಸಮಾರಂಭ. ಕಲ್ಲು ಕೆತ್ತುವ ಕೆಲಸ ಶಹಾಬಾದಿನ ತಮ್ಮಣ್ಣನದು. ಅದು ಎಲ್ಲರಿಗೂ ಒಪ್ಪಿಗೆಯಾದರೆ ಇಡೀ ಭವನದ ನೆಲಕ್ಕೆ ಶಹಾಬಾದಿ ಕಲ್ಲು ಹಾಸುವ ಗುತ್ತಿಗೆಯೂ ಅವನಿಗೇ ಎಂದು ಮಾತಾಗಿತ್ತು. ಇಷ್ಟು ವರ್ಷ ಇನ್ನೊಬ್ಬರ ಪಾಲಿಶ್ ಮಷೀನಿನ ಮುಂದೆ ಕೂಲಿಗೆ ನಿಂತವನು ಇನ್ನು ಸ್ವಂತದ್ದೊಂದು ಕೊಳ್ಳಬಹುದಿತ್ತು. ಹೆಂಡತಿ ಸುಜಾತಾ ಅಂಗಳದಲ್ಲಿ ಅದಕ್ಕೆ ಜಾಗ ಕೂಡ ಮಾಡಿಟ್ಟಿದ್ದಳು.

"ಸೇಡಂ ಮ್ಯಾಲ ಇರ್ಲಿ. ಈ ವಿಚಾರ ಮೊದಲು ಬಂದದ್ದು ನಮ್ಮ ತಲ್ಯಾಗ," ಎಂದರು ಸೇಡಂ ವ್ಯಾಪಾರಿ ಸಂಘದ ಗುರುಲಿಂಗಯ್ಯ.

"ನಮ್ದು ಹೆಣ್ಮಕ್ಕಳ ಸಂಘ. ನಮ್ಮನ್ನ ಕೆಳಗ ಹಾಕ್ತೀಯೇನೋ ತಮ್ಮಣ್ಣ?" ಎಂದರು ಚಿತ್ತಾಪುರದ ವಿಮಲಾಬಾಯಿ.

ವಾಡಿಯವರು ಜಾಗ ತಮ್ಮದೆಂದರು. ಶಹಾಬಾದಿನವರು ಕಲ್ಲೇ ತಮ್ಮದೆಂದರು. ಚಿಂಚೋಳಿಯವರದು ಅಳುದನಿ. "ಎಲ್ಲಿ ನೋಡಿದ್ರೂ ನಮ್ಮನ್ನ ಕಡೀಕೇ ಬರೀತಾರ್ರಿ. ನೀವೂ ಹಂಗ ಮಾಡಬ್ಯಾಡ್ರಿ."

ಎಲ್ಲರಿಗೂ ತಮ್ಮಣ್ಣ "ಆಯ್ತ್ರಿ" ಎಂದುಬಿಟ್ಟ. ಚೌಕದ ಕಲ್ಲಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕುಳಿತ.

ಪಕ್ಕದ ಮನೆಯ ಮಾಣಿಕಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದಳು. ಬಡಾವಣೆಯ ಯಾವ ಕಷ್ಟವೂ ಅವಳನ್ನು ಕೇಳದೆ ಮುಗಿಯುತ್ತಿರಲಿಲ್ಲ.

"ಇಷ್ಟಕ್ಕ್ಯಾಕ ಚಿಂತಿ ಮಾಡ್ಲಿಕತ್ತೀಯೋ ತಮ್ಮಾ? ರೊಟ್ಟಿಗಿ ಮ್ಯಾಲ ಯಾವ್ದು, ಕೆಳಗ ಯಾವ್ದು? ದುಂಡಗ ಕೊಯ್ದುಬಿಡು!"

ತಮ್ಮಣ್ಣನಿಗೆ ಜೀವ ಬಂದಂತಾಯಿತು. ಊಟ ಬಿಟ್ಟು ಮೂಲೆಗಳನ್ನು ಕೊಯ್ದ, ಅಂಚಿನ ಸುತ್ತ ಐದೂ ಹೆಸರು ಕೆತ್ತಿದ. ಮೈಯೆಲ್ಲ ಕಲ್ಲಿನ ಹುಡಿಯಾಗಿ, ಹಿಟ್ಟಿನ ಗಿರಣಿಯಿಂದ ಬಂದವನಂತೆ ಕಾಣುತ್ತಿದ್ದ.

"ನಡುವ ಬೋಳ್ ಕಾಣ್ತದಲ್ಲೋ," ಎಂದಳು ಮಾಣಿಕಮ್ಮ.

"ಒಂದು ಹೂವ ಕೆತ್ರಿ," ಎಂದಳು ಸುಜಾತಾ.

"ಹೂವ ಯಾತಕ? ಇಷ್ಟ್ ವರ್ಷ ಮಂದಿ ಹೆಸರೇ ಕೆತ್ತಿ ಸಣ್ಣಾಗೀದಿ. ಒಮ್ಮೆ ನಿನ್ ಹೆಸರ್ ಹಾಕ್ಕೋ!" ಎಂದಳು ಮಾಣಿಕಮ್ಮ.

ಆ ಮಾತಿಗೆ ತಮ್ಮಣ್ಣನ ಎದೆ ತುಂಬಿ ಬಂತು. ಬೇಡವೆನ್ನಬೇಕಿತ್ತು, ಅನ್ನಲಿಲ್ಲ. ನಡುವೆ ಸಣ್ಣಗೆ 'ಕೆತ್ತಿದವ ತಮ್ಮಣ್ಣ' ಎಂದು ಕೆತ್ತಿಬಿಟ್ಟ.

ಟಂಟಂ ಆಟೋದಲ್ಲಿ ಕಲ್ಲನ್ನು ಮಗುವಿನಂತೆ ಹಿಡಿದುಕೊಂಡು ವಾಡಿ ಮುಟ್ಟಿದ. ಬಟ್ಟೆ ಸರಿಸಿದಾಗ ಐದೂ ಸಂಘದ ಮುಖಂಡರು ಸುತ್ತ ನೆರೆದರು. ಗುರುಲಿಂಗಯ್ಯ ಕಲ್ಲಿಗೆ ಒಂದು ಸುತ್ತು ಹಾಕಿ ಬಂದರು.

"ಮ್ಯಾಲ ಯಾರೂ ಇಲ್ಲ, ಕೆಳಗ ಯಾರೂ ಇಲ್ಲ. ಭೇಷ್ ಮಗನ!"

ಚಿಂಚೋಳಿಯವರು ತಮ್ಮಣ್ಣನ ಕೈ ಹಿಡಿದು ಕುಲುಕಿದರು. ತಮ್ಮಣ್ಣ ಮನಸ್ಸಿನಲ್ಲೇ ಮಷೀನಿಗೆ ಪೂಜೆಯನ್ನೂ ಮಾಡಿ ಮುಗಿಸಿದ.

ಅಷ್ಟರಲ್ಲಿ ವಿಮಲಾಬಾಯಿ ಮೂಗಿನ ಮೇಲೆ ಚಾಳೀಸು ಏರಿಸಿ ಬಗ್ಗಿದರು. "ನಡುವ ಏನೋ ಅದಲ್ಲ?" ಓದಿದರು. ಮುಖ ಗಂಟಾಯಿತು. "ಎತ್ತಲಿಂದ ನೋಡಿದ್ರೂ ಇವನೇ ನಡುವ ಕುಂತಾನ. ನಾವು ಐದೂ ಮಂದಿ ಇವನ ಸುತ್ತ ಕಾವಲು ನಿಂತೀವಿ!"

"ಉಜ್ಜಿ ಅಳಸ್ತೀನ್ರಿ," ಎಂದ ತಮ್ಮಣ್ಣ.

"ಅಳಸಿದ್ರ ತಗ್ಗು ಬೀಳ್ತದ," ಎಂದರು ಗುರುಲಿಂಗಯ್ಯ. ಐವರೂ ಪೆಂಡಾಲಿನ ಹಿಂದೆ ಹೋದರು. ಒಬ್ಬರ ಮಾತಿಗೊಬ್ಬರು ತಲೆಯಾಡಿಸುವುದು ಇಲ್ಲಿಂದಲೇ ಕಾಣುತ್ತಿತ್ತು. ಬೆಳಿಗ್ಗೆಯಿಂದ ಯಾವುದಕ್ಕೂ ಒಪ್ಪದವರು ಅವರೇ.

ಗುರುಲಿಂಗಯ್ಯ ಮೈಕು ಹಿಡಿದರು. "ಐದೂ ಸಂಘಗಳು ಕೂಡಿ ಒಮ್ಮತದಿಂದ ಮೊದಲ ಠರಾವು ಮಾಡೀವಿ. ಅಡಿಗಲ್ಲು ಬ್ಯಾರೆ ಮಾಡಸ್ತೀವಿ. ಭವನದ ನೆಲಕ್ಕ ಹೈದರಾಬಾದಿನಿಂದ ಟೈಲ್ಸ್ ತರಸ್ತೀವಿ."

ಜನ ಚಪ್ಪಾಳೆ ತಟ್ಟಿದರು. ಏನು ಮಾಡುತ್ತಿದ್ದೇನೆಂದು ಹೊಳೆಯುವ ಮೊದಲೇ ತಮ್ಮಣ್ಣನೂ ತಟ್ಟಿಬಿಟ್ಟಿದ್ದ. ಒಂದು ಹೂವು ಕೆತ್ತಿದ್ದರೆ ಸಾಕಿತ್ತಲ್ಲ ಎಂದುಕೊಂಡ.

ಕಲ್ಲನ್ನು ಮತ್ತೆ ಟಂಟಂಗೆ ಏರಿಸುವಾಗ ಸುಜಾತಾಳ ಫೋನು ಬಂತು.

"ಎಲ್ಲಾರೂ ಒಪ್ಪಿದ್ರೇನ್ರಿ?"

"ಒಪ್ಪಿದ್ರು," ಎಂದ ತಮ್ಮಣ್ಣ. "ಐದೂ ಮಂದಿ ಒಂದೇ ಬಾಯಿಲೆ ಒಪ್ಪಿದ್ರು."

ಅತ್ತ ಸುಜಾತಾ ಮಾಣಿಕಮ್ಮನನ್ನು ಕೂಗಿ ಕರೆದು ಸಂತೋಷದಿಂದ ಸುದ್ದಿ ಹೇಳುವುದು ಕೇಳಿಸಿತು. ತಮ್ಮಣ್ಣ ಕಲ್ಲಿನ ಮೇಲೆ ಮತ್ತೆ ಬಟ್ಟೆ ಎಳೆದ.