ಕೆಂಪು ಸುತ್ತು ನಂಬರ್ ಮೂರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ನನ್ನಷ್ಟು ಜವಾಬ್ದಾರಿಯ ಹೆಣ್ಣು ಮುಂಬಯಿಯಲ್ಲೇ ಇಲ್ಲ ಎಂದು ನನಗೆ ಅನ್ನಿಸಿತು. ಎಲ್ಲ ಕೆಡಲು ಶುರುವಾದದ್ದು ಸರಿಯಾಗಿ ಆಗಲೇ. ಮನುಷ್ಯರು ತಮ್ಮ ಬಗ್ಗೆ ತೃಪ್ತರಾಗುವ ಗಳಿಗೆಯನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ನಾನು ಕೋಟೆ ಭಾಗದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಆ ಮೇ ತಿಂಗಳ ರಜೆಯಲ್ಲಿ ಉಪನಗರಗಳ ಕನ್ನಡ ಮಕ್ಕಳಿಗೆ ನಮ್ಮ ಆವರಣದಲ್ಲಿ ಎರಡು ವಾರ ಹಾಡು, ಚಿತ್ರ, ಆಟದ ಶಿಬಿರ ಎಂದು ನಿಶ್ಚಯವಾಯಿತು. ಮಕ್ಕಳಿಗೆ ಏನೂ ಆಗದಂತೆ ನೋಡಿಕೊಳ್ಳುವ ಏರ್ಪಾಡನ್ನು ಪ್ರಿನ್ಸಿಪಾಲರು ನನಗೆ ವಹಿಸಿದರು. “ನಿಮಗೆ ಎಲ್ಲದಕ್ಕೂ ಭಯ. ಈ ಕೆಲಸಕ್ಕೆ ನಿಮಗಿಂತ ಯೋಗ್ಯರಿಲ್ಲ” ಎಂದರು. ನಾನು ಅದನ್ನು ಹೊಗಳಿಕೆಯೆಂದೇ ತಿಳಿದು, ಒಂದು ವಾರ ಕೂತು ಆವರಣದ ನಕ್ಷೆ ಬರೆದೆ. ಅಪಾಯದ ಜಾಗಗಳಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ ನಂಬರು ಕೊಟ್ಟೆ. ಒಂದು, ಗ್ಯಾಸಿನ ಲ್ಯಾಬು. ಎರಡು, ಹಿತ್ತಿಲ ಬಾವಿ. ಮೂರು, ಲೈಬ್ರರಿಯ ತಾರಸಿ. ಇಪ್ಪತ್ತೆಂಟು ಮಕ್ಕಳಿಗೂ ಒಂದೊಂದು ಪ್ರತಿ. ಘಾಟ್ಕೋಪರಿನ ನಮ್ಮ ಚಾಳಿನ ಕೋಣೆಯ ತುಂಬ ಹರಡಿದ್ದ ನಕ್ಷೆಗಳನ್ನು ದಾಟುತ್ತ ಅವ್ವ ಕೇಳಿದಳು: “ಹುಡುಗೂರನ್ನ ಹಾಡ್ಲಿಕ್ಕೆ ಕರದೀಯೋ, ಜೇಲಿಗೆ ಹಾಕ್ಲಿಕ್ಕೋ?” ಧಾರವಾಡ ಬಿಟ್ಟು ಹತ್ತು ವರ್ಷವಾದರೂ ಅವಳ ನಾಲಗೆ ಇನ್ನೂ ಅಲ್ಲಿಯೇ ಇದೆ.

ಮೂರನೆಯ ದಿನ, ತಿಂಡಿಯಾದ ಮೇಲೆ, ಆ ಮೂರು ಹತ್ತಕ್ಕೆ ಹಾಜರಿ ಕರೆದೆ. ಇಪ್ಪತ್ತೆಂಟು ಹೆಸರು, ಇಪ್ಪತ್ತೆಂಟು ‘ಹಾಜರ್’. ಪುಸ್ತಕದಿಂದ ತಲೆಯೆತ್ತಲಿಲ್ಲ. ಕಾಲೇಜಿನಲ್ಲಿ ಓದುವಾಗ ಗೆಳತಿ ಸಿನಿಮಾಕ್ಕೆ ಹೋದ ದಿನಗಳಲ್ಲಿ ಅವಳ ಸಣ್ಣ ದನಿ ತೆಗೆದು ‘ಪ್ರೆಸೆಂಟ್ ಸರ್’ ಎನ್ನುತ್ತಿದ್ದವಳು ನಾನು. ಎರಡು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಪ್ರೊಫೆಸರರು ತಲೆಯೆತ್ತಿ ಒಂದು ಸಲ ನೋಡಿದ್ದರೆ ಸಾಕಿತ್ತು ಎಂದು ನಾವಿಬ್ಬರೂ ನಗುತ್ತಿದ್ದೆವು. ಆ ವಿದ್ಯೆ ನಮ್ಮೊಂದಿಗೇ ಮುಗಿಯಿತು ಎಂದು ಯಾಕೆ ನಂಬಿಕೊಂಡಿದ್ದೆನೋ.

ಚಿತ್ರ ಬಿಡಿಸುವಾಗ ನಮ್ಮ ಚಾಳಿನವಳೇ ಆದ ಹತ್ತು ವರ್ಷದ ಪ್ರೇಮಾಳ ಮುಂದೆ ಎರಡು ಹಾಳೆಗಳಿದ್ದವು. ಎರಡರಲ್ಲೂ ಅವಳೇ ಮಾವಿನಹಣ್ಣು ಬರೆಯುತ್ತಿದ್ದಳು.

“ಇದು ಯಾರದು?”

“ವಸಂತೀದ್ರಿ.”

“ಅವಳೆಲ್ಲಿ?”

ಪ್ರೇಮಾ ಚೀಲದಿಂದ ನನ್ನ ನಕ್ಷೆ ತೆಗೆದು, ಮಡಿಕೆ ಬಿಡಿಸಿ, ಮೂರನೆಯ ಸುತ್ತಿನ ಮೇಲೆ ಬೆರಳಿಟ್ಟಳು. “ನಿನ್ನಿ ಬಾವಿ ನೋಡಿ ಬಂದೇವ್ರಿ. ಅಷ್ಟೇನ ಚಂದಿಲ್ಲ.”

ಮೂರು ಅಂತಸ್ತು ಹೇಗೆ ಹತ್ತಿದೆನೋ ತಿಳಿಯದು. ತಾರಸಿಯ ಬಾಗಿಲಿಗೆ ಬೀಗ ಹಾಕಿಸಿದವಳು ನಾನೇ. ಕೀಲಿಕೈ ಕಳೆಯದಿರಲೆಂದು ಪಕ್ಕದ ಮೊಳೆಗೆ ತೂಗುಹಾಕಿಸಿದವಳೂ ನಾನೇ.

ಭಾಂಡುಪಿನ ವಸಂತಿ, ಉಡುಪಿ ಕಡೆಯಿಂದ ಬಂದ ಹೋಟೆಲ್ ಅಡುಗೆಯವರೊಬ್ಬರ ಒಂಬತ್ತು ವರ್ಷದ ಮಗಳು, ಅಂಚಿನ ಗೋಡೆಯ ಮೇಲೆ ಕಡಲಿನ ಕಡೆಗೆ ಕಾಲು ಹೊರಗೆ ಇಳಿಬಿಟ್ಟು ಕೂತಿದ್ದಳು. ಒಂದು ಚಪ್ಪಲಿ ಆಗಲೇ ಕೆಳಗಿನ ಕಲ್ಲುಹಾಸಿನ ಮೇಲೆ ಬಿದ್ದಿತ್ತು. ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡೆ; ಬೆಚ್ಚಿದರೆ ಮುಗಿಯಿತು. ಕಾದ ಗಾಜಿನ ಪಾತ್ರೆಯ ಹತ್ತಿರ ಹೋಗುವಂತೆ ಹೋದೆ. ಹೆಜ್ಜೆ ಕೇಳಿಸಿರಬೇಕು, ಅವಳು ತಿರುಗದೆಯೇ ಕೇಳಿದಳು: “ಟೀಚರ್, ಮಂಗಳೂರಿನ ಬೋಟು ಯಾವ ಬದಿಯಿಂದ ಬರ್ತದೆ?”

ಸೊಂಟ ಬಳಸಿ ಒಳಗೆ ಎಳೆದುಕೊಂಡ ಮೇಲೆ, ಅವಳ ರಟ್ಟೆ ಬಿಡದೆ ಹಿಡಿದು ಕೂತವಳು ನಾನು. ಕಥೆ ಹೇಳಿದವಳು ಅವಳು. ಅಮ್ಮ ಹೆರಿಗೆಗೆ ಊರಿಗೆ ಹೋಗಿ ಐದು ತಿಂಗಳಾಗಿತ್ತು. ಮಳೆ ಹಿಡಿದರೆ ಬೋಟು ನಿಲ್ಲುತ್ತದೆ, ಮತ್ತೆ ಗಣೇಶ ಚೌತಿಯ ತನಕ ಅಮ್ಮ ಇಲ್ಲ. “ಅಪ್ಪ ಬರ್ತಾಳೆ ಅಂತ ಹೇಳ್ತಾರೆ. ಅವರು ದೋಸೆಗೂ ಹಾಗೇ ಹೇಳುವುದು, ಈಗ ಬಂತು ಅಂತ.”

ಅಂದಿನಿಂದ ನನಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಆ ಚಪ್ಪಲಿ ಬೀಳುತ್ತಿತ್ತು, ಬೀಳುವಾಗ ನಾನು ನೋಡಿರದಿದ್ದರೂ. ಪ್ರಿನ್ಸಿಪಾಲರಿಗೆ ಎಲ್ಲ ಹೇಳಿದೆ. ಕೀಲಿಕೈ ನನ್ನ ಸೆರಗಿನ ತುದಿಗೆ ಬಂತು. ಹಾಜರಿ ಮುಖ ನೋಡಿ ಕರೆಯತೊಡಗಿದೆ. ನಕ್ಷೆಗಳನ್ನೆಲ್ಲ ವಾಪಸು ಪಡೆದು ಹೊಸ ಏರ್ಪಾಡು ಮಾಡಿದೆ: ದಿನವೂ ಮೂರು ಗಂಟೆಗೆ, ಗೋಡೆಯಿಂದ ಐದು ಹೆಜ್ಜೆ ಈಚೆಗೆ ಹಗ್ಗ ಕಟ್ಟಿ, ಎರಡು ತುದಿಗೆ ಇಬ್ಬರು ದೊಡ್ಡವರು, ಮಕ್ಕಳೆಲ್ಲ ಕೈಕೈ ಹಿಡಿದು ಹತ್ತು ನಿಮಿಷ ಕಡಲು ನೋಡುವುದು. ವಸಂತಿಯ ಕೈ ನನ್ನದು. ಅವಳು ಕಂಡ ಹೊಗೆಯೆಲ್ಲ ಅವಳ ಅಮ್ಮನ ಬೋಟಿನದು. ಎರಡು ಸಲ ಅದು ಗಿರಣಿಯ ಚಿಮಣಿಯದಾಗಿತ್ತು. ನನಗೆ ಹಡಗಿನಲ್ಲಿ ಬರಬೇಕಾದವರು ಯಾರೂ ಇರಲಿಲ್ಲ. ಆದರೂ ಮೋಡ ಕಂಡರೆ ನನಗೇ ಸಿಟ್ಟು ಬರುತ್ತಿತ್ತು.

ಕೊನೆಯ ಶುಕ್ರವಾರ ವಸಂತಿ ಬರಲಿಲ್ಲ. ಅವಳ ಹೆಸರನ್ನು ಎರಡು ಸಲ ಕರೆದೆ. ಪ್ರೇಮಾ ಎದ್ದು ನಿಂತಳು: “ಅವರವ್ವ ಬಂದಾಳಂತ್ರಿ. ತಮ್ಮ ಭಾಳ ಅಳತಾನಂತ. ಇಕಿ ಇನ್ನ ಬರಂಗಿಲ್ಲಂತ.” ಅವತ್ತೂ ಮೂರಕ್ಕೆ ಮೇಲೆ ಹೋದೆವು. ನನ್ನ ಬಲಗೈ ಖಾಲಿಯಿತ್ತು. ಕಡಲು ಅಲ್ಲೇ ಇತ್ತು, ಹಡಗುಗಳೂ ಇದ್ದವು; ಯಾವುದನ್ನು ನೋಡುವುದೆಂದು ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಕಣ್ಣು ಬಿಟ್ಟಾಗ ಬಿಸಿಲು ಪಾತ್ರೆಗಳವರೆಗೆ ಬಂದಿತ್ತು. ಹತ್ತು ದಿನದಲ್ಲಿ ಮೊದಲ ಸಲ ಒಂದೇ ನಿದ್ದೆ. ಹೇಳೋಣವೆಂದು ನೋಡಿದರೆ ಅವ್ವ ಕೆಂಪು ಕಣ್ಣು ಮಾಡಿಕೊಂಡು ಒಲೆಯ ಮುಂದೆ ಕೂತಿದ್ದಳು. “ರಾತ್ರಿಯೆಲ್ಲಾ ಅದೇನ ಗೊರಕಿವಾ,” ಎಂದಳು. “ಬಾಜೂ ಖೋಲಿಯವ್ರು ಎರಡ ಸಲ ಗ್ವಾಡಿ ಬಡದ್ರು.”